ಮನೆಯ ಬೆಕ್ಕು ಸೊರಗಿದಾಗ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ರೇಷ್ಮೆಹುಳು ಸಾಕುವ ಮನೆಗಳು ಹಲವುಂಟು. ಹುಳುವಿಗೂ ಗೂಡಿಗೂ ಇಲಿಯು ವೈರಿ. ಇಲಿಗೆ ಬೆಕ್ಕು ವೈರಿ. ಇಂತಹ ಮನೆಯಲ್ಲಿ ಬೆಕ್ಕು ಮಕ್ಕಳಿಗೆ ಆಟದ ಸಂಗಾತಿ ಮಾತ್ರವಲ್ಲ, ಹಿರಿಯರಿಗೆ ಕಾವಲಿನ ಆಳೂ ಹೌದು. ಹತ್ತು ಹನ್ನೆರಡು ವರ್ಷ ಮನೆಯನ್ನು ಕಾಯ್ದ ಆ ಪ್ರಾಣಿಯು ಸೊರಗುತ್ತ ಬಂದರೆ, “ವಯಸ್ಸಾಯಿತು, ಇನ್ನೇನು” ಎಂದು ಸುಮ್ಮನಾಗುವುದು ನಮ್ಮಲ್ಲಿ ಅನೇಕರ ವಾಡಿಕೆ. ಈ ವಾಡಿಕೆಯು ಸರಿಯಲ್ಲ. ಮುಪ್ಪೊಂದೇ ಬೆಕ್ಕನ್ನು ಹಾಗೆ ಕೃಶಗೊಳಿಸುವುದು ಅಪರೂಪ. ಜಂತುಹುಳು, ಮೂತ್ರಪಿಂಡದ ರೋಗ, ಥೈರಾಯಿಡ್ ಗ್ರಂಥಿಯ ದೋಷ ಮೊದಲಾದ ಕಾರಣಗಳಿರಬಹುದು. ಲಿಂಫೋಮವೆಂಬ ಕ್ಯಾನ್ಸರ್ ರೋಗವೂ ಇರಬಹುದು.

ರಕ್ತದ ಬಿಳಿಯ ಕಣಗಳಲ್ಲಿ ಲಿಂಫೋಸೈಟ್ ಎಂಬುದೊಂದು ಜಾತಿ. ದೇಹವನ್ನು ರೋಗದಿಂದ ಕಾಯುವುದು ಇವುಗಳ ಕೆಲಸ. ಇವೇ ಮಿತಿಮೀರಿ ಬೆಳೆದರೆ ಅದು ಲಿಂಫೋಮ. ಕರುಳಿನಲ್ಲಿ ಬೆಳೆದರೆ ವಾಂತಿ, ಭೇದಿ, ಅರುಚಿ, ತೂಕನಷ್ಟಗಳು ಕಾಣುವುವು. ಎದೆಯಲ್ಲಿ ಬೆಳೆದರೆ ಏದುಸಿರು. ಮೂತ್ರಪಿಂಡದಲ್ಲಿ ಬೆಳೆದರೆ ಅತಿಯಾದ ಬಾಯಾರಿಕೆ. ವೃದ್ಧ ಬೆಕ್ಕುಗಳಲ್ಲಿ ಕರುಳಿನದೇ ಹೆಚ್ಚು.

ಎಳೆಯ ಬೆಕ್ಕುಗಳಲ್ಲಿ ಈ ರೋಗಕ್ಕೆ ಬಹುಮಟ್ಟಿಗೆ ಒಂದು ವೈರಸ್ಸೇ ಕಾರಣ. ಇದನ್ನು 1964ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ವಿಲಿಯಂ ಜ್ಯಾರೆಟ್ ಎಂಬ ಪಶುವೈದ್ಯ ವಿಜ್ಞಾನಿಯೂ ಅವರ ಸಂಗಡಿಗರೂ ಕಂಡುಹಿಡಿದರು. ಬೆಕ್ಕುಗಳು ಒಂದನ್ನೊಂದು ನೆಕ್ಕುವುದರಿಂದ, ಒಂದೇ ಬಟ್ಟಲಲ್ಲಿ ಉಣ್ಣುವುದರಿಂದ, ತಾಯಿಯಿಂದ ಮರಿಗೆ ಇದು ಹರಡುವುದು. ಮನುಷ್ಯರಿಗೆ ಅಂಟುವುದಿಲ್ಲ, ಮಕ್ಕಳಿರುವ ಮನೆಯವರು ಭಯಪಡಬೇಕಾದುದಿಲ್ಲ. ಮನೆಯೊಳಗಿನ ತಂಬಾಕಿನ ಹೊಗೆಗೂ ಈ ರೋಗಕ್ಕೂ ನಂಟಿರುವಂತೆ ಕಂಡುಬಂದಿದೆ. ಬೀಡಿ ಸಿಗರೇಟು ಸೇದುವವರು ಇದನ್ನು ಗಮನಿಸತಕ್ಕದ್ದು.

ಬೆಕ್ಕು ಎರಡು ವಾರಗಳಿಂದ ಇಳಿಯುತ್ತಿದ್ದರೆ ಸ್ಥಳದ ಪಶುವೈದ್ಯರಿಗೆ ತೋರಿಸಬೇಕು. ಅಲ್ಟ್ರಾಸೌಂಡ್ ಪರೀಕ್ಷೆಯಾಗಲಿ, ಗಂಟಿನ ತುಣುಕು ತೆಗೆದು ನೋಡುವ ಪರೀಕ್ಷೆಯಾಗಲಿ ಬೇಕಾದಲ್ಲಿ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಂತಹ ದೊಡ್ಡ ಸಂಸ್ಥೆಯನ್ನು ಕುರಿತು ಅವರನ್ನೇ ವಿಚಾರಿಸಬಹುದು. ಇಲ್ಲೊಂದು ಎಚ್ಚರಿಕೆ: ರೋಗದ ಹೆಸರು ನಿಶ್ಚಯವಾಗುವ ಮೊದಲೇ ಸ್ಟೀರಾಯಿಡ್ ಔಷಧ ಕೊಟ್ಟರೆ ಬೆಕ್ಕು ಕೆಲವು ದಿನ ಗೆಲುವಾಗಬಹುದು, ಆದರೆ ಪರೀಕ್ಷೆಯು ದಾರಿತಪ್ಪುವುದು, ಮುಂದಿನ ಚಿಕಿತ್ಸೆಯ ಬಲವೂ ಕುಗ್ಗುವುದು.

ಕರುಳಿನ ಲಿಂಫೋಮದಲ್ಲಿ ಎರಡು ಬಗೆಗಳು ಮುಖ್ಯ. ಸಣ್ಣ ಕಣದ್ದು ನಿಧಾನವಾಗಿ ಬೆಳೆಯುವುದು; ಪ್ರೆಡ್ನಿಸೊಲೋನ್, ಕ್ಲೋರಾಂಬ್ಯುಸಿಲ್ ಎಂಬ ಗುಳಿಗೆಗಳನ್ನು ಮನೆಯಲ್ಲೇ ಕೊಟ್ಟು ಅನೇಕ ಬೆಕ್ಕುಗಳು ಎರಡು ಮೂರು ವರ್ಷ ಸುಖವಾಗಿ ಬಾಳಿದ್ದುಂಟು. ದೊಡ್ಡ ಕಣದ್ದು ಉಗ್ರವಾದುದು; ಸೂಜಿಮದ್ದು ಬೇಕಾಗುವುದು, ದೊರೆಯುವ ಕಾಲವೂ ಸಾಮಾನ್ಯವಾಗಿ ತಿಂಗಳುಗಳ ಲೆಕ್ಕದ್ದು. ಬೆಕ್ಕುಗಳಿಗೆ ಈ ಔಷಧಗಳಿಂದ ಮನುಷ್ಯರಿಗಾಗುವಷ್ಟು ಬಾಧೆ ಆಗುವುದಿಲ್ಲ. ಮೀಸೆ ಉದುರಬಹುದು, ಮೈಗೂದಲು ಹೆಚ್ಚಾಗಿ ಉಳಿಯುವುದು.

ಮನೆಯವರು ಮಾಡಬೇಕಾದುದಿಷ್ಟು. ವಾರಕ್ಕೊಮ್ಮೆ ಬೆಕ್ಕನ್ನು ತೂಗಿ ಬರೆದಿಡಿರಿ. ಅನ್ನವನ್ನು ಬೆಚ್ಚಗೆ, ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಿರಿ. ಎರಡು ದಿನ ಉಪವಾಸವಿದ್ದರೂ ಪಿತ್ತಜನಕಾಂಗಕ್ಕೆ ಅಪಾಯ. ಗುಳಿಗೆಯನ್ನು ಪುಡಿಮಾಡಬೇಡಿರಿ, ಅದನ್ನೂ ಮಲಮೂತ್ರಗಳನ್ನೂ ಕೈಗವಸು ಹಾಕಿಯೇ ಮುಟ್ಟಿರಿ. ಗರ್ಭಿಣಿಯರು ದೂರವಿರುವುದು ಒಳ್ಳೆಯದು. ಜ್ವರವೆಂದು ಪ್ಯಾರಾಸಿಟಮಾಲ್ ಕೊಡಲೇಕೂಡದು. ಬೆಕ್ಕಿಗೆ ಅದು ವಿಷ.

ಕೊನೆಗೊಂದು ಕಠಿಣವಾದ ಮಾತು. ಈ ಚಿಕಿತ್ಸೆಯು ಸಾಧಾರಣವಾಗಿ ರೋಗವನ್ನು ಬೇರುಸಹಿತ ಕೀಳುವುದಿಲ್ಲ. ಹಿತವಾದ ದಿನಗಳನ್ನು ಗಳಿಸಿಕೊಡುವುದು. ಹಣವಾಗಲಿ ಪ್ರಯಾಣದ ಅನುಕೂಲವಾಗಲಿ ಇಲ್ಲದವರು, ವೈದ್ಯರ ಸಲಹೆಯಂತೆ ವಾಂತಿ ನೋವುಗಳನ್ನು ತಗ್ಗಿಸುವ ಆರೈಕೆಯನ್ನಷ್ಟೇ ಮಾಡಿದರೆ ಅದು ಕರ್ತವ್ಯಲೋಪವಲ್ಲ. ಬೆಕ್ಕು ಉಣ್ಣುವುದನ್ನೂ, ಮೈ ನೆಕ್ಕಿಕೊಳ್ಳುವುದನ್ನೂ, ತನ್ನ ಬಿಸಿಲಿನ ಮೂಲೆಯನ್ನು ಹುಡುಕುವುದನ್ನೂ ಬಿಟ್ಟಾಗ, ನೋವಿಲ್ಲದ ಅಂತ್ಯವನ್ನು ಕುರಿತು ವೈದ್ಯರೊಡನೆ ಮಾತನಾಡುವುದೂ ದಯೆಯೇ. ಆ ದಿನ ಮಕ್ಕಳಿಗೆ ನಿಜವನ್ನೇ ಹೇಳಿರಿ. ಬೆಕ್ಕು ಎಲ್ಲಿಗೋ ಹೋಯಿತೆಂದರೆ ಅವರು ಬಾಗಿಲು ಕಾಯುತ್ತ ಕೂರುವರು.