ಎರಡು ಬೆರಳಿನ ಬಾಯಿ, ಎರಡು ವರ್ಷದ ಲೆಕ್ಕ

ನಮ್ಮ ಕಾಕಾ ರೊಟ್ಟಿಯನ್ನು ಸಾರಿನಲ್ಲಿ ಹಿಸುಕಿ, ಸಣ್ಣ ತುತ್ತು ಮಾಡಿ ಬಾಯೊಳಗೆ ತೂರಿಸುತ್ತಾನೆ. ‘ಬಾಯಿ ತೆರಿಯಾಕ ಬರೂದಿಲ್ಲೋ ತಮ್ಮಾ’ ಅಂತಾನೆ. ಒಂದರ ಮೇಲೊಂದು ಮೂರು ಬೆರಳು ಹಿಡಿಸಬೇಕಾದ ಬಾಯಲ್ಲಿ ಎರಡೇ ಹಿಡಿಸುತ್ತವೆ. ಇಪ್ಪತ್ತು ವರ್ಷ ಮಾವಾ ತಿಂದದ್ದರ ಫಲ. ನಿಪ್ಪಾಣಿ, ಚಿಕ್ಕೋಡಿ, ಕಾಗವಾಡದ ಕಡೆಯವರಿಗೆ ಮಾವಾ ಅಂದರೇನೆಂದು ಹೇಳಬೇಕಿಲ್ಲ. ಉಳಿದವರಿಗಾಗಿ: ಅಡಕೆ ಚೂರು, ತಂಬಾಕು, ಸುಣ್ಣ ಸೇರಿಸಿ ತಿಕ್ಕಿದ್ದು.

ಈ ಕಾಯಿಲೆಯ ಹೆಸರು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಕೆನ್ನೆಯ ಒಳಪದರದ ಕೆಳಗೆ ದೇಹವನ್ನು ಹಿಡಿದಿಡುವ ಸಂಯೋಜಕ ಅಂಗಾಂಶವಿದೆ. ಅದರ ಮುಖ್ಯ ನೂಲು ಕೊಲಾಜನ್. ಅಡಕೆಯ ಅರೆಕೊಲಿನ್ ಆ ನೂಲು ಹೆಚ್ಚು ಹುಟ್ಟುವಂತೆ ಮಾಡುತ್ತದೆ. ಅಡಕೆಯ ತಾಮ್ರದಿಂದ ಚುರುಕಾಗುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ ನೂಲುಗಳನ್ನು ಒಂದಕ್ಕೊಂದು ಬಿಗಿದು ಹಾಕುತ್ತದೆ. ಹಗ್ಗದಂತೆ ಗಟ್ಟಿಯಾದ ಆ ಪದರ ಚಟ ಬಿಟ್ಟರೂ ಪೂರ್ತಿ ಸಡಿಲಾಗುವುದು ಕಷ್ಟ. ಕೆಲವರಲ್ಲಿ ಮುಂದೆ ಕ್ಯಾನ್ಸರ್ ಆಗುತ್ತದೆ.

ಕೊಲಾಜನ್ನಿನಂಥ ವಿಷಯಕ್ಕೇ ಮೀಸಲಾದ ಸಂಶೋಧನಾ ಪತ್ರಿಕೆಗಳಿವೆ. ‘ಮ್ಯಾಟ್ರಿಕ್ಸ್ ಬಯಾಲಜಿ’ ಅಂಥದ್ದೊಂದು. 1981ರಲ್ಲಿ ಬೇರೆ ಹೆಸರಿನಿಂದ ಶುರುವಾಗಿ 1994ರಿಂದ ಈ ಹೆಸರಿನಲ್ಲಿ ಬರುತ್ತಿದೆ. ಇಂಥ ಪತ್ರಿಕೆಯ ತೂಕ ಎಷ್ಟು ಅಂತ ಕೇಳಿದರೆ ವಿಜ್ಞಾನಿಗಳು ಇಂಪ್ಯಾಕ್ಟ್ ಫ್ಯಾಕ್ಟರ್ ಹೇಳುತ್ತಾರೆ. ಲೆಕ್ಕ ಸರಳ. 2023 ಮತ್ತು 2024ರಲ್ಲಿ ಒಂದು ಪತ್ರಿಕೆ 100 ಲೇಖನ ಅಚ್ಚು ಹಾಕಿತು ಅನ್ನಿ. 2025ರಲ್ಲಿ ಅವುಗಳನ್ನು ಬೇರೆ ಲೇಖನಗಳು 400 ಸಲ ಉಲ್ಲೇಖಿಸಿದರೆ ಅಂಕಿ 4. ಅಮೆರಿಕದ ಯುಜೀನ್ ಗಾರ್ಫೀಲ್ಡ್ ಇದನ್ನು ರೂಪಿಸಿದ್ದು ಸೂಚಿಗೆ ಯಾವ ಪತ್ರಿಕೆ ಆರಿಸಬೇಕು ಎಂದು ತೀರ್ಮಾನಿಸಲು. ಅದೀಗ ಮೇಷ್ಟ್ರುಗಳ ಬಡ್ತಿಯ ತಕ್ಕಡಿಯಾಗಿದೆ. (ನನ್ನ ಅರ್ಜಿಯಲ್ಲೂ ಆ ಕಾಲಂ ಇತ್ತು, ಗೆರೆ ಎಳೆದು ಕೊಟ್ಟೆ.)

ತೊಂದರೆ ಇರುವುದು ‘ಎರಡು ವರ್ಷ’ದಲ್ಲಿ. ಜಿ.ಎನ್. ರಾಮಚಂದ್ರನ್ ಮದ್ರಾಸಿನಲ್ಲಿ ಗೋಪಿನಾಥ್ ಕರ್ತಾ ಜೊತೆ ಕೊಲಾಜನ್ನಿನ ಮೂರೆಳೆಯ ಹುರಿಯ ಮಾದರಿ ಪ್ರಕಟಿಸಿದ್ದು 1954ರಲ್ಲಿ. ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಆ ಮಾದರಿ ಇಂದಿಗೂ ಪಾಠದಲ್ಲಿದೆ, ಆದರೆ ಇಂದು ಅದಕ್ಕೆ ಬೀಳುವ ಒಂದು ಉಲ್ಲೇಖವೂ ಈ ಲೆಕ್ಕಕ್ಕೆ ಬಾರದು. ಬಾಯಿ ಬಿಗಿಯುವ ಕಾಯಿಲೆಯ ಬಗ್ಗೆ ವೈದ್ಯರು ಬರೆದದ್ದು 1952-53ರಲ್ಲಿ. ಅಡಕೆಯೇ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಾರಿದ್ದು 2004ರಲ್ಲಿ. ಅರ್ಧ ಶತಮಾನದ ನಿಧಾನ ಕೆಲಸ. ಹಾಗಂತ ಅಂಕಿಯೇ ಸುಳ್ಳು ಅನ್ನಲಾರೆ. ಯಾವ ಪತ್ರಿಕೆಯನ್ನು ಜನ ಓದುತ್ತಿದ್ದಾರೆ ಎಂಬ ಅಂದಾಜು ಅದರಿಂದ ಸಿಗುತ್ತದೆ, ಅಷ್ಟೇ. ಒಂದೊಂದು ಲೇಖನದ ಗುಣ ಸಿಗದು.

ಕರ್ನಾಟಕ ಗುಟ್ಕಾ ನಿಷೇಧಿಸಿದ್ದು 2013ರಲ್ಲಿ. ಈಗ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಎರಡನ್ನೂ ಅಂಗಡಿಯವನೇ ಒಟ್ಟಿಗೆ ಕೈಗಿಡುತ್ತಾನೆ. ಅಥಣಿ, ರಾಯಬಾಗದ ಹುಡುಗರು ಅದನ್ನು ಬಾಯಿಗೆ ಸುರಿಯುವಾಗ ಕೊಲಾಜನ್ ಎಂಬ ಪದ ಯಾರೂ ಅವರಿಗೆ ಹೇಳಿಲ್ಲ. ಹೋದ ವಾರ ಕಾಕಾನ ಮೊಮ್ಮಗನಿಗೆ ಕನ್ನಡಿ ಮುಂದೆ ನಿಲ್ಲಿಸಿ, ಮೂರು ಬೆರಳು ಬಾಯಿಗಿಟ್ಟು ನೋಡು ಅಂದೆ. ಹಿಡಿಸಿದವು. ‘ಅಜ್ಜಾಗ ಯಾಕ ಹಿಡಸೂದಿಲ್ಲ?’ ಅಂದ. ಕೊಲಾಜನ್ನಿನಿಂದಲೇ ಶುರು ಮಾಡಿದೆ.