ನಿಲ್ಲಲು ಕಲಿತ ಮಗ್ಗ

ಮಗ್ಗದಲ್ಲಿ ಒಂದೆಳೆ ಕಡಿದರೆ ಹಾಳಾಗುವುದು ಆ ಒಂದೆಳೆಯಷ್ಟೇ ಅಲ್ಲ. ಕಣ್ಣಿಗೆ ಬೀಳುವಷ್ಟರಲ್ಲಿ ಬಟ್ಟೆಯುದ್ದಕ್ಕೂ ಗೀರು ಎದ್ದಿರುತ್ತದೆ, ಆ ತುಂಡಿಗೆ ಬೆಲೆಯಿಲ್ಲ. ಕೈಮಗ್ಗದ ಜಾಗಕ್ಕೆ ಪವರ್‌ಲೂಮ್ ಬಂದಾಗ ಈ ನಷ್ಟ ಇನ್ನೂ ಹೆಚ್ಚಿತು. ಯಂತ್ರ ತಪ್ಪನ್ನೂ ಅಷ್ಟೇ ವೇಗವಾಗಿ ನೇಯುತ್ತಿತ್ತು. ಹೀಗಾಗಿ ಮಗ್ಗದ ಪಕ್ಕದಲ್ಲಿ ಕಣ್ಣಿಟ್ಟು ಕಾಯುವ ಆಳು ಬೇಕೇ ಬೇಕಿತ್ತು.

ಜಪಾನಿನ ಬಡಗಿಯೊಬ್ಬರ ಮಗ ಸಕಿಚಿ ಟೊಯೋಡಾ ಈ ತೊಡಕಿನ ಬೆನ್ನು ಹತ್ತಿದರು. 1867ರಲ್ಲಿ ಹುಟ್ಟಿದ ಅವರು ಊರಿನ ಹೆಂಗಸರು ಮಗ್ಗದ ಮುಂದೆ ಪಡುವ ಪಾಡು ನೋಡಿ ಬೆಳೆದವರು. ಮರದ ಕೈಮಗ್ಗಕ್ಕೆ 1891ರಲ್ಲಿ ಮೊದಲ ಪೇಟೆಂಟ್ ಪಡೆದರು. ಮೂರು ದಶಕಗಳ ದುಡಿಮೆಯ ನಂತರ, 1924ರಲ್ಲಿ, ‘ಟೈಪ್ ಜಿ’ ಸ್ವಯಂಚಾಲಿತ ಮಗ್ಗ ಸಿದ್ಧವಾಯಿತು. ಹಾಸಿನ ಎಳೆ ಕಡಿದರೆ ಅದನ್ನು ಹಿಡಿದಿದ್ದ ತೆಳುವಾದ ಲೋಹದ ಪಟ್ಟಿ ಕೆಳಗೆ ಬೀಳುತ್ತಿತ್ತು, ಮಗ್ಗ ತಾನಾಗಿ ನಿಲ್ಲುತ್ತಿತ್ತು. ಹೊಕ್ಕಿನ ನೂಲು ಮುಗಿಯುತ್ತ ಬಂದರೆ ಲಾಳಿ ತಾನೇ ಬದಲಾಗುತ್ತಿತ್ತು. ಕಾಯುವ ಕೆಲಸ ತಪ್ಪಿದ್ದರಿಂದ ಒಬ್ಬರೇ ಸುಮಾರು 30 ಮಗ್ಗಗಳನ್ನು ನೋಡಿಕೊಳ್ಳಬಹುದಾಯಿತು.

1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಈ ಮಗ್ಗದ ಹಕ್ಕಿಗಾಗಿ ಒಂದು ಲಕ್ಷ ಪೌಂಡಿನ ಒಪ್ಪಂದ ಮಾಡಿಕೊಂಡಿತು. ಜವಳಿ ಯಂತ್ರಗಳನ್ನು ಜಗತ್ತಿಗೇ ಮಾರುತ್ತಿದ್ದ ನಾಡು ಜಪಾನಿನ ಬಾಗಿಲಿಗೆ ಬಂದಿತ್ತು. ಸಕಿಚಿಯ ಮಗ ಕಿಚಿರೊ ಮೋಟಾರು ವಾಹನದತ್ತ ಹೊರಳಿದರು. 1937ರಲ್ಲಿ ಟೊಯೋಟಾ ಮೋಟಾರ್ ಕಂಪನಿ ಹುಟ್ಟಿತು.

ಯುದ್ಧದಲ್ಲಿ ಸೋತ ದೇಶದಲ್ಲಿ ಕಾರು ಮಾಡುವುದು ಸುಲಭವಿರಲಿಲ್ಲ. 1949ರ ಹೊತ್ತಿಗೆ ಬೇಡಿಕೆ ಕುಸಿದು ಕಂಪನಿ ಸಾಲದಲ್ಲಿ ಮುಳುಗಿತು. ನೌಕರರನ್ನು ಕಡಿಮೆ ಮಾಡುವ ಯೋಜನೆಯ ವಿರುದ್ಧ 1950ರಲ್ಲಿ ಮುಷ್ಕರ ನಡೆಯಿತು, ಕಿಚಿರೊ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಅದೇ ವರ್ಷ ಅವರ ಸಂಬಂಧಿ ಎಯಿಜಿ ಟೊಯೋಡಾ ಅಮೆರಿಕದ ಡಿಯರ್‌ಬಾರ್ನ್‌ನಲ್ಲಿದ್ದ ಫೋರ್ಡ್‌ನ ರೂಜ್ ಕಾರ್ಖಾನೆ ನೋಡಲು ಹೋದರು. ಅಲ್ಲಿ ದಿನಕ್ಕೆ ಸಾವಿರಾರು ಕಾರು ಹೊರಬೀಳುತ್ತಿದ್ದವು. ಟೊಯೋಟಾದಲ್ಲಿ ಆಗ ತಯಾರಾಗುತ್ತಿದ್ದುದು ದಿನಕ್ಕೆ ಸುಮಾರು 40 ವಾಹನ. ಫೋರ್ಡ್‌ನ ಹಾದಿ ಹಿಡಿಯಲು ಹಣವೂ ಇರಲಿಲ್ಲ, ಅಷ್ಟು ಕಾರು ಕೊಳ್ಳುವವರೂ ಇರಲಿಲ್ಲ.

ಬೇರೆ ಹಾದಿ ತೆರೆದವರು ತೈಚಿ ಓನೊ. ಟೊಯೋಡಾ ನೂಲಿನ ಗಿರಣಿಯಲ್ಲಿ ಕೆಲಸಕ್ಕೆ ಸೇರಿ 1943ರಲ್ಲಿ ಕಾರಿನ ಕಂಪನಿಗೆ ಬಂದಿದ್ದ ಅವರು ಒಬ್ಬರಿಗೊಂದೇ ಯಂತ್ರ ಎಂಬ ಪದ್ಧತಿಯನ್ನು ಕಂಡು ಬೆರಗಾದರು. ಒಬ್ಬ ನೇಕಾರ ಹತ್ತಾರು ಮಗ್ಗ ನೋಡಿಕೊಳ್ಳುವುದನ್ನು ಕಂಡಿದ್ದವರು ಅವರು. ಯಂತ್ರಗಳನ್ನು ಬೇರೆ ಬಗೆಯಲ್ಲಿ ಜೋಡಿಸಿ, ಕೆಟ್ಟರೆ ತಾನಾಗಿ ನಿಲ್ಲುವಂತೆ ಮಾಡಿ, ಒಬ್ಬರ ಕೈಗೆ ಮೂರು ನಾಲ್ಕು ಯಂತ್ರ ಕೊಟ್ಟರು. ನುರಿತ ಕೆಲಸಗಾರರು ಮೊದಮೊದಲು ಇದನ್ನು ಬಲವಾಗಿ ವಿರೋಧಿಸಿದರು.

ಓನೊ ಅಲ್ಲಿಗೇ ನಿಲ್ಲಲಿಲ್ಲ. ಮಗ್ಗಕ್ಕಿದ್ದ ಅಧಿಕಾರವನ್ನು ಮನುಷ್ಯರಿಗೂ ಕೊಟ್ಟರು. ಜೋಡಣೆಯ ಸಾಲಿನ ಉದ್ದಕ್ಕೂ ಹಗ್ಗ ಬಂತು. ಬೋಲ್ಟು ಕೂರುತ್ತಿಲ್ಲ, ಬಾಗಿಲು ಒಪ್ಪುತ್ತಿಲ್ಲ ಎಂದರೆ ಕೆಲಸಗಾರರು ಅದನ್ನು ಎಳೆಯಬಹುದು. ತಲೆ ಮೇಲಿನ ‘ಆಂಡಾನ್’ ಫಲಕದಲ್ಲಿ ದೀಪ ಹತ್ತುತ್ತದೆ, ತಂಡದ ಮುಖ್ಯಸ್ಥರು ಧಾವಿಸಿ ಬರುತ್ತಾರೆ. ಕಾರು ಆ ಠಾಣೆ ದಾಟುವುದರೊಳಗೆ ತೊಡಕು ಬಗೆಹರಿದರೆ ಸಾಲು ಸಾಗುತ್ತದೆ, ಇಲ್ಲವಾದರೆ ನಿಲ್ಲುತ್ತದೆ.

ನಿಲ್ಲಿಸಿದರೆ ಉತ್ಪಾದನೆ ಹೆಚ್ಚುವುದು ಹೇಗೆ? ಉತ್ತರ ಓನೊ ಕೊಡುತ್ತಿದ್ದ ಉದಾಹರಣೆಯಲ್ಲಿದೆ. ಯಂತ್ರ ನಿಂತಿದೆ, ಯಾಕೆ? ಹೊರೆ ಹೆಚ್ಚಾಗಿ ಫ್ಯೂಸ್ ಹೋಗಿದೆ. ಹೊರೆ ಯಾಕೆ ಹೆಚ್ಚಿತು? ಬೇರಿಂಗಿಗೆ ಎಣ್ಣೆ ಸಾಲದು. ಎಣ್ಣೆ ಯಾಕೆ ಸಾಲದು? ಪಂಪು ಸರಿಯಾಗಿ ಎತ್ತುತ್ತಿಲ್ಲ. ಅದೇಕೆ? ಪಂಪಿನ ದಂಡ ಸವೆದಿದೆ. ಸವೆದದ್ದು ಯಾಕೆ? ಜಾಲರಿ ಇಲ್ಲದೆ ಲೋಹದ ಚೂರು ಒಳಸೇರಿದೆ. ಮೊದಲ ಉತ್ತರಕ್ಕೇ ತೃಪ್ತರಾಗಿ ಫ್ಯೂಸ್ ಬದಲಿಸಿದವರು ಕೆಲವೇ ದಿನಗಳಲ್ಲಿ ಮತ್ತೆ ಅದನ್ನೇ ಬದಲಿಸಬೇಕು. ಜಾಲರಿ ಹಾಕಿದವರಿಗೆ ಆ ಕೆಲಸ ಮುಗಿಯಿತು. ಸಾಲು ಮೊದಲ ದಿನಗಳಲ್ಲಿ ಪದೇಪದೇ ನಿಂತರೂ ಪ್ರತಿ ನಿಲುಗಡೆ ಒಂದು ಕಾರಣವನ್ನು ಬೇರುಸಹಿತ ಕೀಳುತ್ತಿತ್ತು.

ಇದೇ ಹಠ ಬೇರೆಡೆಯೂ ಫಲ ಕೊಟ್ಟಿತು. ಟೊಯೋಟಾದ ಸಾವಿರ ಟನ್ನಿನ ಪ್ರೆಸ್ಸಿನಲ್ಲಿ ಅಚ್ಚು ಬದಲಿಸಲು ನಾಲ್ಕು ಗಂಟೆ ಹಿಡಿಯುತ್ತಿತ್ತು. ಸಲಹೆಗಾರ ಶಿಗೆಯೊ ಶಿಂಗೊ ಅವರ ಮಾರ್ಗದರ್ಶನದಲ್ಲಿ ಅದು ಮೂರು ನಿಮಿಷಕ್ಕೆ ಇಳಿಯಿತು. ಅಚ್ಚು ಬೇಗ ಬದಲಾದಾಗ ಬಿಡಿಭಾಗಗಳನ್ನು ರಾಶಿ ಹಾಕಿಟ್ಟುಕೊಳ್ಳುವ ಅಗತ್ಯವಿಲ್ಲ, ರಾಶಿಯಲ್ಲಿ ಹಣ ಕೊಳೆಯುವುದೂ ಇಲ್ಲ.

ಇದು ಜಪಾನೀಯರ ಸ್ವಭಾವಕ್ಕಷ್ಟೇ ಒಗ್ಗುವ ಪದ್ಧತಿ ಎಂಬ ನಂಬಿಕೆಯನ್ನು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಅಳಿಸಿತು. ಗೈರುಹಾಜರಿ, ಜಗಳ, ಕಳಪೆ ಕಾರುಗಳಿಗೆ ಹೆಸರಾಗಿದ್ದ ಅಲ್ಲಿನ ಜನರಲ್ ಮೋಟಾರ್ಸ್ ಕಾರ್ಖಾನೆ 1982ರಲ್ಲಿ ಮುಚ್ಚಿತ್ತು. 1984ರಲ್ಲಿ ಟೊಯೋಟಾ ಜತೆಗೂಡಿ ಅದನ್ನು ‘ನಮ್ಮಿ’ ಹೆಸರಿನಲ್ಲಿ ಮತ್ತೆ ತೆರೆದಾಗ ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಹಳೆಯ ನೌಕರರೇ, ಇದ್ದದ್ದು ಹಳೆಯ ಕಾರ್ಮಿಕ ಸಂಘವೇ. ಹಲವರು ಜಪಾನಿಗೆ ಹೋಗಿ ತರಬೇತಿ ಪಡೆದು ಬಂದರು. ಕೆಲವೇ ವರ್ಷಗಳಲ್ಲಿ ಗುಣಮಟ್ಟ ಜಪಾನಿನ ಕಾರ್ಖಾನೆಗಳಿಗೆ ಹತ್ತಿರವಾಯಿತು, ಗೈರುಹಾಜರಿ ತೀರಾ ತಗ್ಗಿತು. ಅದೇ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನಲ್ಲಿ ಜನರಲ್ ಮೋಟಾರ್ಸ್ ಈ ವಿಧಾನ ತರಲು ಹೊರಟು ಸೋತಿತು. ಸಾಲು ನಿಂತರೆ ಬೈಗುಳ ಕಾದಿದೆ ಎಂದು ಗೊತ್ತಿದ್ದ ಕಡೆ ಹಗ್ಗಕ್ಕೆ ಕೈಹಾಕುವ ಧೈರ್ಯ ಯಾರಿಗೂ ಬರುವುದಿಲ್ಲ.

ಕರ್ನಾಟಕಕ್ಕೂ ಈ ಪದ್ಧತಿ ಕಾಲಿಟ್ಟಿತು. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಸಮೂಹದ ಜತೆ ಸ್ಥಾಪಿಸಿದ ಕಂಪನಿ ಬಿಡದಿಯಲ್ಲಿ ‘ಕ್ವಾಲಿಸ್’ ವಾಹನದಿಂದ ಉತ್ಪಾದನೆ ಆರಂಭಿಸಿತು. 2007ರಲ್ಲಿ ಅಲ್ಲಿಯೇ ತಾಂತ್ರಿಕ ತರಬೇತಿ ಸಂಸ್ಥೆ ತೆರೆದು ಹಳ್ಳಿಗಾಡಿನ ಬಡ ಕುಟುಂಬಗಳ ಹುಡುಗರಿಗೆ ಈ ವಿದ್ಯೆ ಕಲಿಸತೊಡಗಿತು. ಪೀಣ್ಯ, ಬೆಳಗಾವಿ, ಹುಬ್ಬಳ್ಳಿಯ ಸಣ್ಣ ಕಾರ್ಖಾನೆಗಳು ಸ್ಪರ್ಧೆಗೆ ನಿಲ್ಲಲು ಹೊಸ ಯಂತ್ರ ಬೇಕು, ಅದಕ್ಕೆ ಸಾಲ ಬೇಕು. ಆದರೆ ಲೇತ್ ಮುಂದಿರುವವರು ತಪ್ಪು ಕಂಡೊಡನೆ ನಿಲ್ಲಿಸಬಹುದು, ನಿಲ್ಲಿಸಿದವರ ಬಳಿಗೆ ಮೇಲ್ವಿಚಾರಕರು ಗದರಿಸಲಿಕ್ಕಲ್ಲ, ಕಾರಣ ಹುಡುಕಲು ಬರುತ್ತಾರೆ ಎಂಬ ಕಟ್ಟುಪಾಡಿಗೆ ಬ್ಯಾಂಕಿನ ಮಂಜೂರಾತಿ ಬೇಕಿಲ್ಲ. ಮಾಲೀಕರು ಮನಸ್ಸು ಮಾಡಿದರೆ ನಾಳೆಯ ಮೊದಲ ಪಾಳಿಯಿಂದಲೇ ಅದನ್ನು ಜಾರಿಗೆ ತರಬಹುದು.