ಹೀರೇಕಾಯಿ ಸಿಪ್ಪೆ ಕಸವಲ್ಲ

ಒಳ್ಳೆಯ ಊಟಕ್ಕೆ ದುಡ್ಡು ಸಾಲದು ಅನ್ನುವ ಮನೆಯಲ್ಲೇ ದುಡ್ಡು ಕೊಟ್ಟು ತಂದ ತರಕಾರಿಯ ಒಂದು ಪಾಲು ಕಸದ ಬುಟ್ಟಿ ಸೇರುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ಪೋಲಾದ ಸುಮಾರು 105 ಕೋಟಿ ಟನ್ ಆಹಾರದಲ್ಲಿ ಶೇ 60ರಷ್ಟು ಮನೆಗಳದ್ದೇ. ಸಿಪ್ಪೆ, ಮೂಳೆಯನ್ನೂ ಸೇರಿಸಿದ ಲೆಕ್ಕವಿದು. ಹಾಗಾಗಿ ಉಳಿತಾಯ ಈಳಿಗೆಮಣೆಯ ಮುಂದೆಯೇ ಶುರುವಾಗಬೇಕು. ಹೀರೇಕಾಯಿಯನ್ನೇ ನೋಡಿ: ಏಣು ಹೆರೆದ ಸಿಪ್ಪೆಯನ್ನು ಎಣ್ಣೆಯಲ್ಲಿ ಗರಿಗರಿ ಹುರಿದು, ಉದ್ದಿನಬೇಳೆ, ಒಣಮೆಣಸಿನಕಾಯಿ, ಹುಣಸೆಹಣ್ಣು, ಕಾಯಿತುರಿ ಹಾಕಿ ರುಬ್ಬಿದರೆ ನಾರಿನಂಶದ ಚಟ್ನಿ ಸಿದ್ಧ. ಕಲ್ಲಂಗಡಿಯ ಬಿಳಿ ಭಾಗ ಕರಾವಳಿಯಲ್ಲಿ ದೋಸೆಯಾಗುತ್ತದೆ.

ಸಿಪ್ಪೆಯಲ್ಲಿ ಕೀಟನಾಶಕ ಇರುವುದಿಲ್ಲವೇ ಅನ್ನುವ ಆತಂಕ ನ್ಯಾಯವಾದದ್ದೇ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಧೈರ್ಯ ಬಾರದಿದ್ದರೆ ಸಿಪ್ಪೆ ಗೊಬ್ಬರಕ್ಕಿರಲಿ. ಆದರೆ ಮೂಲಂಗಿಯ ಸೊಪ್ಪನ್ನು ದಯವಿಟ್ಟು ಅಂಗಡಿಯಲ್ಲೇ ಮುರಿಸಿ ಬರಬೇಡಿ. ಗಡ್ಡೆಗಿಂತ ಹೆಚ್ಚು ಕಬ್ಬಿಣ, ಕ್ಯಾಲ್ಸಿಯಂ ಇರುವುದು ಆ ಎಲೆಯಲ್ಲೇ, ಬೇಳೆ ಜೊತೆ ಬೇಯಿಸಿದರೆ ರಾತ್ರಿಯ ಸಾರಿಗೆ ಅಷ್ಟು ಸಾಕು.